ಕತ್ತಿನ ಉಸ್ತಾದರು

ನಾನು ಮಂಡ್ಯ ಸ್ಟೇಷನ್ನಿನ ಗೂಡ್ಸ್ ಷೆಡ್ಡಿನಲ್ಲಿ ಗುಮಾಸ್ತನಾಗಿದ್ದಾಗ ಒಂದು ಬೆಳಿಗ್ಗೆ ಹಮಾಲಿ ಮರಿಯಪ್ಪ ಬೆನ್ನ ಮೇಲಿನ ಸಕ್ಕರೆ ಮೂಟೆಯನ್ನು ಇಳಿಸಿ, ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಹೇಳಿದ: "ಮದ್ದೂರಲ್ಲಿ ನಿಮ್ ಉಸ್ತಾದ್ರು ಓಗ್ಬುಟ್ರಂತೆ ಸ್ವಾಮಿ. ಮೊನ್ನೆ ಮಣ್ಣಾಯ್ತಂತೆ."

ಕೈಯಲ್ಲಿದ್ದ ಲೇಖನಿಯನ್ನು ಕೆಳಗಿಟ್ಟೆ. ಮರಿಯಪ್ಪನೂ ಮುಂದಿನ ಮೂಟೆಗೆ ಹೋಗದೆ ಸ್ವಲ್ಪ ಹೊತ್ತು ಅಲ್ಲೇ ನಿಂತ. ಅವನೂ ಮೊದಲು ಮದ್ದೂರಿನಲ್ಲಿದ್ದವನು. ಅವನ ಕತ್ತೂ ಆ ಕೈಗಳಲ್ಲಿ ಎಷ್ಟೋ ಸಲ ಇದ್ದು ಬಂದದ್ದು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಮನೆಯವರು ಇಂದಿಗೂ ಮದ್ದೂರಿನಲ್ಲಿದ್ದಾರೆ. ಹೆಸರಿಲ್ಲದೆಯೂ ಆ ಕಾಲದವರಿಗೆ ಗುರುತು ಸಿಕ್ಕೇ ಸಿಗುತ್ತದೆ. ಜಟಕಾದವರಿಗೆ, ಹಮಾಲಿಗಳಿಗೆ, ಸಂತೆಗೆ ಬರುವ ಒಕ್ಕಲು ಮಕ್ಕಳಿಗೆ ಅವರು ಕತ್ತಿನ ಉಸ್ತಾದರು. ಅಷ್ಟು ಸಾಕು.

ಹರೆಯದಲ್ಲಿ ಮೈಸೂರಿನ ಗರಡಿಗಳಲ್ಲಿ ಕುಸ್ತಿ ಆಡಿದವರು. ಆಳು ಕುಳ್ಳು. ಭುಜದಿಂದ ತಲೆಯವರೆಗೆ ಒಂದೇ ಅಳತೆಯ ಕಂಬದಂಥ ಕತ್ತು. ಎಡಗಿವಿ ಪಟ್ಟುಗಳಲ್ಲಿ ಉಜ್ಜಿ ಉಜ್ಜಿ ಒಣಗಿದ ಅಂಜೂರದಂತೆ ಮುದುಡಿತ್ತು. ಗರಡಿ ಬಿಟ್ಟ ಮೇಲೆ ಮದ್ದೂರಿನ ಸ್ಟೇಷನ್ ರಸ್ತೆಯಲ್ಲಿ ಜಟಕಾ ಕುದುರೆಗಳಿಗೆ ಜೀನು, ಕತ್ತುಪಟ್ಟಿ, ಲಗಾಮು ಹೊಲಿದುಕೊಡುವ ಅಂಗಡಿ ಇಟ್ಟರು. ಹೊಟ್ಟೆಪಾಡು ಅದರಿಂದ. ಕತ್ತು ಹಿಡಿಯುವುದು ಅಂಗಡಿಯ ಮುಂದಿನ ಹೊಂಗೆ ಮರದ ಕೆಳಗೆ, ಒಂದು ಉದ್ದನೆಯ ಬೆಂಚಿನ ಮೇಲೆ.

ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವನು ಮರಿಯಪ್ಪನೇ. ಆಗ ನಾನು ಮದ್ದೂರು ಸ್ಟೇಷನ್ನಿನಲ್ಲಿದ್ದೆ. ಮಧ್ಯಾಹ್ನ ಕಳೆಯುತ್ತಿದ್ದಂತೆ ಬಲಗಣ್ಣಿನ ಹಿಂದೆ ಯಾರೋ ಬೆರಳಿಟ್ಟು ಹೊರಕ್ಕೆ ತಳ್ಳುತ್ತಿರುವಂಥ ನೋವು ಶುರುವಾಗುತ್ತಿತ್ತು. ಶುಂಠಿ ತೇದು ಹಚ್ಚಿಕೊಂಡೆ. ಮೈಸೂರಿಗೆ ಹೋಗಿ ಕನ್ನಡಕ ಹಾಕಿಸಿಕೊಂಡು ಬಂದೆ. ನಮ್ಮತ್ತೆಯವರು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ನೋವು ಮಾತ್ರ ತನ್ನ ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

ಉಸ್ತಾದರು ನನ್ನ ಹಣೆಯನ್ನು ಮುಟ್ಟಲೇ ಇಲ್ಲ. ಹಿಂದೆ ನಿಂತು, ತಲೆಬುರುಡೆ ಮುಗಿದು ಕತ್ತು ಶುರುವಾಗುವ ಕಡೆ ಹೆಬ್ಬೆರಳನ್ನು ಇಟ್ಟು ಒತ್ತಿದರು. ಕಣ್ಣಿನ ಹಿಂದಿನ ನೋವು ಚುರುಕ್ಕೆಂದು ಎದ್ದಿತು. ನಾನು "ಅಮ್ಮಾ" ಎಂದೆ.

"ಸಿಕ್ದ" ಎಂದರು. "ನೋವು ಹಣೆ ಮೇಲೆ ಕೂತ್ಕಂಡು ಕೂಗ್ತಾ ಇರ್ತದೆ ಗುಮಾಸ್ತ್ರೇ. ಕಳ್ಳ ಕತ್ತಲ್ಲಿ ಅವ್ನೆ."

ಬಟ್ಟೆಯ ಗಂಟಿನಲ್ಲಿ ಹುರಿದ ಉಪ್ಪು ಕಟ್ಟಿ ಶಾಖ ಕೊಟ್ಟರು. ಎಳ್ಳೆಣ್ಣೆ ಹಚ್ಚಿದ ಬೆರಳುಗಳಿಂದ ಭುಜದ ಗಂಟುಗಳನ್ನು ಒಂದೊಂದಾಗಿ ಹಿಡಿದು, ಅವು ಕರಗುವ ತನಕ ಬಿಡಲಿಲ್ಲ. ಆಮೇಲೆ ಗದ್ದವನ್ನು ಒಳಕ್ಕೆ ಎಳೆದುಕೊಳ್ಳುವುದನ್ನು ಹೇಳಿಕೊಟ್ಟರು. ತಲೆ ಬಗ್ಗಿಸಬಾರದು, ಎತ್ತಲೂಬಾರದು. ಹಿಂದಿನ ಗೋಡೆಗೆ ಬುರುಡೆ ತಾಗಿಸುವವನ ಹಾಗೆ ಗದ್ದ ಮಾತ್ರ ಒಳಗೆ ಸರಿಯಬೇಕು. "ಹೊಸ ಮದುವಣಗಿತ್ತಿ ನಾಚ್ಕಂತಾಳಲ್ಲ, ಅಂಗೆ" ಎಂದರು. ಬೆಂಚಿನ ಸುತ್ತ ಇದ್ದವರು ನಕ್ಕರು. ಮಾರನೆಯ ದಿನ ಗೂಡ್ಸ್ ಆಫೀಸಿಗೆ ಬಂದು ನಾನು ಕೂರುವ ರೀತಿ ನೋಡಿ, ಹಳಿಗಳ ಕೆಳಗೆ ಹಾಕುವ ಹಳೆಯ ಮರದ ಸ್ಲೀಪರಿನ ತುಂಡುಗಳನ್ನು ತರಿಸಿ ಮೇಜಿನ ಕಾಲುಗಳ ಕೆಳಗೆ ಇಡಿಸಿದರು. ಸ್ಟೇಷನ್ ಮಾಸ್ಟರು ಅದನ್ನು ನೋಡಿ ನನ್ನ ಮೇಜಿಗೆ ಬಡ್ತಿ ಸಿಕ್ಕಿತೆಂದು ತಮಾಷೆ ಮಾಡಿದರು. ಆದರೆ ನೋವು ಕಡಿಮೆಯಾಯಿತು. ಪೂರ್ತಿ ಹೋಗಲು ಬಹಳ ಕಾಲ ಹಿಡಿಯಿತು, ಅದೂ ನಾನು ನಾಚಿಕೆಯ ವ್ಯಾಯಾಮವನ್ನು ಬಿಡದೆ ಮಾಡಿದ್ದರಿಂದ.

ಜನ ಅವರ ಹತ್ತಿರ ಬರುತ್ತಿದ್ದದ್ದು ಈ ನಿಧಾನದ ಕೆಲಸಕ್ಕಲ್ಲ. ಎಲ್ಲರಿಗೂ ಬೇಕಾಗಿದ್ದದ್ದು ಕೊನೆಯ ನೆಟಿಗೆ. ಒಂದು ಅಂಗೈ ಗದ್ದದ ಕೆಳಗೆ, ಇನ್ನೊಂದು ಕಿವಿಯ ಹಿಂದೆ. ತಲೆಯನ್ನು ಮೆಲ್ಲಗೆ ತೂಗುತ್ತ ತೂಗುತ್ತ, ಕೂತವನು ಮೈಮರೆತ ಕ್ಷಣದಲ್ಲಿ ಒಮ್ಮೆಗೇ ಪಕ್ಕಕ್ಕೆ ತಿರುವುತ್ತಿದ್ದರು. ಲಟಕ್ ಎಂದು ಸದ್ದು ಬರುತ್ತಿತ್ತು. ಎದುರು ಹೋಟೆಲಿನವರೆಗೂ ಅದು ಕೇಳುತ್ತಿತ್ತು ಎನ್ನುತ್ತಿದ್ದರು. ಕೂತವನು ಕಣ್ಣರಳಿಸಿ ಸುತ್ತ ನೋಡಿದರೆ ನಿಂತವರು "ಓಯ್ತು ನೋಡ್ಲಾ!" ಎನ್ನುತ್ತಿದ್ದರು. ಹಮಾಲಿಗಳಿಗಂತೂ ಆ ಸದ್ದೇ ಔಷಧ. ಉಸ್ತಾದರಿಗೂ ಅದು ಇಷ್ಟವಾಗಿತ್ತು. ಗರಡಿಯ ಚಪ್ಪಾಳೆ ನಿಂತುಹೋಗಿ ಎಷ್ಟೋ ವರ್ಷಗಳಾಗಿದ್ದ ಆ ಮನುಷ್ಯನಿಗೆ ಹೊಂಗೆ ಮರದ ಕೆಳಗೆ ಉಳಿದಿದ್ದ ಚಪ್ಪಾಳೆ ಅದೊಂದೇ.

ಊರಿನ ಆಸ್ಪತ್ರೆಯ ಡಾಕ್ಟರಿಗೆ ಸ್ವಂತ ಜಟಕಾ ಇತ್ತು. ಅದರ ಜೀನು, ಪಟ್ಟಿ ಎಲ್ಲ ಉಸ್ತಾದರ ಕೈಯದೇ. ಡಾಕ್ಟರು ಒಳ್ಳೆಯವರು, ಮಾತು ಖಾರ. ಒಂದು ಸಂಜೆ ಲಗಾಮು ತೆಗೆದುಕೊಂಡು ಹೋಗಲು ಬಂದವರು ನೆಟಿಗೆ ತೆಗೆಯುವುದನ್ನು ನಿಂತು ನೋಡಿದರು.

"ನೀವು ಒತ್ತೋದು, ಶಾಖ ಕೊಡೋದು, ವ್ಯಾಯಾಮ ಹೇಳ್ಕೊಡೋದು ಎಲ್ಲ ಸರಿ ಉಸ್ತಾದ್. ನಾನೇ ಎಷ್ಟೋ ಜನರನ್ನ ನಿಮ್ಮ ಹತ್ರ ಕಳಿಸಿದ್ದೀನಿ. ಈ ತಿರುವೋದನ್ನ ಬಿಡಿ."

"ಯಾಕ್ ಸ್ವಾಮಿ? ಇಷ್ಟು ವರ್ಷದಲ್ಲಿ ಒಬ್ರಿಗಾದ್ರೂ ಏನಾರಾ ಆಗಿದ್ದದಾ?"

"ಆಗಿಲ್ಲ. ಕತ್ತಿನ ಮೂಳೆಯೊಳಗಿಂದ ಮಿದುಳಿಗೆ ರಕ್ತನಾಳ ಹೋಗುತ್ತೆ. ಅದು ಎಲ್ಲಾದರೂ ಹರಿದರೆ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ. ಅದರಲ್ಲೂ ಬಿದ್ದು ಏಟು ಮಾಡಿಕೊಂಡು ಬಂದವರನ್ನ ಮುಟ್ಟಲೇಬೇಡಿ."

ಉಸ್ತಾದರು ತಲೆಯಾಡಿಸಿದರು. ಡಾಕ್ಟರ ಜಟಕಾ ತಿರುವು ದಾಟಿದ ಮೇಲೆ ಬೆಂಚಿನ ಮೇಲೆ ಕಾದಿದ್ದವನ ಗದ್ದಕ್ಕೆ ಅಂಗೈ ಕೊಟ್ಟರು. ಲಟಕ್.

ಎರಡನೆಯ ಮಹಾಯುದ್ಧ ಶುರುವಾಗಿ ಒಂದೆರಡು ವರ್ಷ ಕಳೆದಿತ್ತು. ಆಲೆಮನೆಗಳ ಕಾಲ. ಸ್ಟೇಷನ್ನಿಗೆ ಬೆಲ್ಲದ ಗಾಡಿಗಳು ಸಾಲಾಗಿ ಬರುತ್ತಿದ್ದವು. ಚಿಕ್ಕರಸಿನಕೆರೆಯ ಚೆಲುವಯ್ಯ ಎಂಬ ಒಕ್ಕಲಿಗ ಬೆಲ್ಲ ಇಳಿಸಿ, ನನ್ನಲ್ಲಿ ರಸೀದಿ ತೆಗೆದುಕೊಂಡು, ಕತ್ತು ಹಿಡಿದುಕೊಂಡೇ ನಿಂತಿದ್ದ. ಮೂವತ್ತರ ಆಸುಪಾಸಿನವನು, ಗಟ್ಟಿ ಆಳು, ನಗುಮುಖದವನು. ಕಬ್ಬಿನ ಗಾಡಿಯ ಮೇಲಿಂದ ಬಿದ್ದೆ ಎಂದ. ನಾನೂ ಉಸ್ತಾದರ ಕಡೆಗೇ ಹೊರಟಿದ್ದೆ. ಜೊತೆಯಲ್ಲಿ ಹೋದೆವು.

"ಕಬ್ಬಿನ್ ಗಾಡಿ ಮ್ಯಾಲಿಂದ ಬಿದ್ದೆ ಸಾಬ್ರೆ. ಇಂತಾ ನೋವು ನಾನು ಉಟ್ಟಿದಾಗ್ಲಿಂದ ಕಂಡಿಲ್ಲ" ಎಂದ ಚೆಲುವಯ್ಯ, ಬೆಂಚಿನ ಮೇಲೆ ಕೂತು. "ಇಂದ್ಗಡೆ ಕತ್ತಿಂದ ಎದ್ದು ಕಣ್ಗೆ ಬತ್ತದೆ. ಬೆಳಿಗ್ಗೆ ಎದ್ರೆ ತಲೆ ಗಿರ್ ಅಂತದೆ."

ಉಸ್ತಾದರು ಬೆರಳಾಡಿಸಿದರು. ಒಂದು ಕಡೆ ಅವರ ಬೆರಳು ನಿಂತಿತು. ಅವರ ಹುಬ್ಬು ಕೂಡಿದ್ದನ್ನು ನಾನು ನೋಡಿದೆ.

"ಇದು ಇನ್ನೂ ಹಸಿ ಕಣಪ್ಪ. ಇವತ್ತು ಬ್ಯಾಡ. ಬರೀ ಶಾಖ ಕೊಡ್ತೀನಿ. ಮನೇಲಿ ಮಲಕ್ಕೊ. ಮುಂದಿನ್ ವಾರ ಬಾ."

"ಮುಂದಿನ್ ವಾರ ಯಾರ್ ಬತ್ತಾರೆ ಸಾಬ್ರೆ? ಒಲೆ ಮ್ಯಾಲೆ ಕೊಪ್ಪರಿಗೆ ಕೂತದೆ. ಒಂದ್ಸಲ ತಿರುವ್ಬುಡಿ, ಸದ್ದು ಬಂದ್ರೆ ಆಯ್ತು, ಓಯ್ತೀನಿ."

ಮರದ ಕೆಳಗೆ ನಿಂತಿದ್ದ ಜಟಕಾದವನೊಬ್ಬ ಬೀಡಿ ತೆಗೆದು ನಕ್ಕ. "ಏನ್ ಉಸ್ತಾದ್, ಒಕ್ಕಲಿಗನ್ ಕತ್ತು ಕಂಡು ಎದ್ರುಕಂಡ್ರಾ? ವಯಸ್ಸಾಯ್ತು ಬುಡಿ."

ಉಸ್ತಾದರು ಕೈಗಳನ್ನು ಬಟ್ಟೆಯಿಂದ ಒರೆಸಿಕೊಂಡರು. ಅಷ್ಟು ಹೊತ್ತು ಸಾಕಾಗಿತ್ತು, ಬೇಡವೆಂದು ನಿರ್ಧರಿಸುವುದಕ್ಕೆ. ಆದರೆ ಒರೆಸಿಕೊಂಡು ಬಂದು ಗದ್ದ ಹಿಡಿದರು. ತೂಗಿದರು, ತಿರುವಿದರು. ಸದ್ದು ಬರಲಿಲ್ಲ.

"ಬರ್ನೇ ಇಲ್ವಲ್ಲ ಸಾಬ್ರೆ" ಎಂದ ಚೆಲುವಯ್ಯ. ನಿಂತವರೆಲ್ಲ ನಕ್ಕರು.

ಎರಡನೆಯ ಸಲ ಅವರು ಜೋರಾಗಿ ತಿರುವಿದರು. ಸದ್ದು ಬಂತು.

ಚೆಲುವಯ್ಯ ನಗುತ್ತಲೇ ಎದ್ದ. ಎದೆ ಉಬ್ಬಿಸಿ ಅತ್ತ ಇತ್ತ ನೋಡಿ, ಎಲೆ ಅಡಿಕೆ ಬಾಯಿಗಿಟ್ಟುಕೊಂಡು ಗಾಡಿಯ ಕಡೆ ನಡೆದ. ರಸ್ತೆಯ ಮಧ್ಯೆ ನಿಂತುಬಿಟ್ಟ. "ಸ್ಟೇಸನ್ನು ತಿರುಗ್ತಾ ಅದಲ್ಲಾ" ಎಂದ. ಗಾಡಿಯ ಮೂಕಿಯನ್ನು ಹಿಡಿದುಕೊಳ್ಳಲು ಕೈ ಚಾಚಿದ. ಕೈ ಪಕ್ಕಕ್ಕೆ ಹೋಯಿತು. ಮತ್ತೆ ಚಾಚಿದ, ಮತ್ತೆ ತಪ್ಪಿತು. ಆಮೇಲೆ ಮೊಣಕಾಲೂರಿ ವಾಂತಿ ಮಾಡಿಕೊಂಡ. ನಾವು ಓಡಿ ಹಿಡಿದಾಗ ಒಂದು ರೆಪ್ಪೆ ಇಳಿದಿತ್ತು. ಮಾತಾಡಲು ಬಾಯಿ ತೆರೆದರೆ ಗಾಳಿಯಷ್ಟೇ ಬರುತ್ತಿತ್ತು.

ಉಸ್ತಾದರು ಅವನನ್ನು ಕೂಸಿನ ಹಾಗೆ ಎತ್ತಿಕೊಂಡು ಜಟಕಾದಲ್ಲಿ ಮಲಗಿಸಿದರು. ಆಸ್ಪತ್ರೆಯವರೆಗೂ ಅವನ ತಲೆ ಅಲುಗಾಡದಂತೆ ಎರಡೂ ಅಂಗೈಗಳಲ್ಲಿ ಹಿಡಿದುಕೊಂಡೇ ಕೂತಿದ್ದರು. ಡಾಕ್ಟರು ಪರೀಕ್ಷೆ ಮಾಡಿ ಹೊರಗೆ ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಬಿದ್ದಿದ್ದನೇ?" ಎಂದು ಕೇಳಿದರು. ಉಸ್ತಾದರು "ಹೌದು" ಎಂದರು. "ನಿಮಗೆ ಹೇಳಿದ್ದನೇ?" "ಹೌದು." ಡಾಕ್ಟರು ಒಳಗೆ ಹೋದರು. ಅಂದೇ ಸಂಜೆಯ ರೈಲಿನಲ್ಲಿ ಚೆಲುವಯ್ಯನನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು.

ಎರಡು ದಿನ ಬಿಟ್ಟು ಚೆಲುವಯ್ಯನ ತಮ್ಮ ನಿಂಗಣ್ಣ ಒಂದಿಷ್ಟು ಜನರ ಜೊತೆ ಬಂದ. ಬೆಂಚನ್ನು ಮುರಿದರು. ಜೀನುಗಳನ್ನು ರಸ್ತೆಗೆ ಎಳೆದು ಎಸೆದರು. ಉಸ್ತಾದರು ಬಾಗಿಲ ಪಕ್ಕ ನಿಂತಿದ್ದರು, ತಡೆಯಲಿಲ್ಲ. ಜಟಕಾದವರು ಅಡ್ಡ ಬರಲು ಹೋದಾಗ ಕೈ ಎತ್ತಿ ನಿಲ್ಲಿಸಿದರು. ನಿಂಗಣ್ಣ ಅವರ ಎದೆಯ ಅಂಗಿ ಹಿಡಿದ.

"ನಮ್ಮಣ್ಣ ನೀರು ಕುಡುದ್ರೆ ಮೂಗಲ್ಲಿ ಬತ್ತದೆ ಕಣಯ್ಯಾ. ನಿನ್ ಕತ್ತನ್ನೂ ಅಂಗೇ ತಿರುವ್ಲಾ?"

"ಬಿದ್ದಿದ್ದ ಅಂತ ಗೊತ್ತಿತ್ತು ಕಣಪ್ಪ" ಎಂದರು ಉಸ್ತಾದರು. "ಗೊತ್ತಿದ್ದೂ ಮಾಡ್ದೆ."

ನಿಂಗಣ್ಣ ಆ ಮಾತನ್ನು ನಿರೀಕ್ಷಿಸಿರಲಿಲ್ಲ. ಅಂಗಿ ಬಿಟ್ಟು, ಉಗಿದು ಹೋದ. ಪೊಲೀಸಿಗೆ ಹೇಳುತ್ತೇವೆ ಎಂದು ಕೆಲವರು ಕೂಗಾಡಿದರು. ದೂರು ಮಾತ್ರ ಆಗಲಿಲ್ಲ. ಅದನ್ನು ತಡೆದವಳು ಚೆಲುವಯ್ಯನ ಹೆಂಡತಿ ಸಾಕಮ್ಮ ಎಂದು ಆಮೇಲೆ ತಿಳಿಯಿತು. ಕೋರ್ಟಿಗೆ ಓಡಾಡೋಕೆ ನಮ್ಮಟ್ಟೀಲಿ ಯಾವ ಗಂಡಸು ಖಾಲಿ ಕೂತವ್ನೆ, ಗದ್ದೆಗೆ ನೀರು ಕಟ್ಟೋರು ಯಾರು ಎಂದು ಕೇಳಿದಳಂತೆ. ಅದು ಕ್ಷಮೆಯೇನಲ್ಲ.

ಡಾಕ್ಟರು ಒಂದು ದಿನ ತಾವಾಗಿ ಅಂಗಡಿಗೆ ಬಂದರು. ಬಿದ್ದಾಗಲೇ ನಾಳ ಹರಿದಿದ್ದಿರಬಹುದು, ತಲೆ ತಿರುಗು ಆಗಲೇ ಇತ್ತಲ್ಲ, ನೀವು ಮುಟ್ಟದಿದ್ದರೂ ಆಗುತ್ತಿತ್ತೋ ಏನೋ, ಖಚಿತವಾಗಿ ಯಾರೂ ಹೇಳಲಾರರು ಎಂದರು. ಸಮಾಧಾನಕ್ಕೆ ಹೇಳಿದ ಮಾತಲ್ಲ, ಅವರು ನಿಜವಾಗಿ ಹಾಗೆ ಭಾವಿಸಿದ್ದರು. ಉಸ್ತಾದರು ಹೊಲಿಯುತ್ತಿದ್ದ ಪಟ್ಟಿಯಿಂದ ತಲೆ ಎತ್ತಲಿಲ್ಲ.

"ನೀವು ಓದ್ದೋರು ಸ್ವಾಮಿ, ಗೊತ್ತಿಲ್ಲ ಅನ್ನೋ ಹಕ್ಕು ನಿಮ್ಗದೆ. ನಂಗಿಲ್ಲ. ಕೈ ನಂದು" ಎಂದರು. ಸ್ವಲ್ಪ ತಡೆದು ಕೇಳಿದರು: "ಅವ್ನಿಗೆ ಈಗ ಏನು ಮಾಡಿದ್ರೆ ಒಳ್ಳೇದು, ಅದನ್ ಏಳ್ಕೊಡಿ."

ಡಾಕ್ಟರು ಮುರಿದ ಬೆಂಚಿನ ಉಳಿದ ತುದಿಯಲ್ಲಿ ಕೂತು ಬಹಳ ಹೊತ್ತು ಹೇಳಿಕೊಟ್ಟರು. ನುಂಗುವುದು, ನಿಲ್ಲುವುದು, ಕೈಯನ್ನು ಗುರಿಗೆ ಒಯ್ಯುವುದು. ಆಮೇಲೂ ಉಸ್ತಾದರು ಅವರ ಮನೆಯ ಜಗಲಿಗೆ ಹೋಗಿ ಕೇಳಿ ಬರುತ್ತಿದ್ದರು.

ಚೆಲುವಯ್ಯ ಮೈಸೂರಿನಿಂದ ಊರಿಗೆ ಬಂದ ಮೇಲೆ, ಒಂದು ಶುಕ್ರವಾರ ನಮಾಜು ಮುಗಿಸಿ ಉಸ್ತಾದರು ನೇರ ನನ್ನ ಆಫೀಸಿಗೆ ಬಂದರು. "ಚಿಕ್ಕರಸಿನಕೆರೆಗೆ ಓಗ್ಬೇಕು ಗುಮಾಸ್ತ್ರೇ. ಒಬ್ನೇ ಓಗೋಕೆ ಕಾಲು ಬತ್ತಾ ಇಲ್ಲ." ನಾನು ರಜೆ ಹೇಳಿ ಹೊರಟೆ. ಜಟಕಾದವರು ಹತ್ತಿ ಎಂದು ಎಷ್ಟು ಕರೆದರೂ ಅವರು ಹತ್ತಲಿಲ್ಲ. ದಾರಿಯುದ್ದಕ್ಕೂ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆಯುತ್ತಿದ್ದರು, ಚಳಿಯಿಲ್ಲದಿದ್ದರೂ. ಆ ಅಭ್ಯಾಸ ಆಗ ಅಂಟಿದ್ದು. ಕೆಲಸವಿಲ್ಲದಿದ್ದಾಗ ಅವರ ಕೈಗಳು ಹೊರಗೆ ಕಂಡದ್ದನ್ನು ನಾನು ಮತ್ತೆ ನೋಡಿದ್ದು ಕಡಿಮೆ.

ಸಾಕಮ್ಮ ಬಾಗಿಲಿಗೆ ಅಡ್ಡ ನಿಂತಳು. ಇಪ್ಪತ್ತೈದು ದಾಟಿರದ ಹೆಂಗಸು. ಕಣ್ಣು ಒಣಗಿತ್ತು.

"ಯಾಕ್ ಬಂದ್ರಿ? ಉಳಿದಿರೋದನ್ನೂ ಮುರಿಯಾಕಾ?"

"ನೋಡ್ಕಂಡು ಓಗೋಕೆ ಕಣಮ್ಮ."

"ನೋಡಾಕೆ ಏನದೆ? ಮುಟ್ಬ್ಯಾಡಿ. ಒಳೀಕೂ ಬರಬ್ಯಾಡಿ."

"ಆಯ್ತಮ್ಮ" ಎಂದು ಅವರು ಜಗಲಿಯ ತುದಿಯಲ್ಲಿ ಕೂತರು. ಹೊತ್ತು ಇಳಿಯುವ ತನಕ ಕೂತು, ಎದ್ದು ಬಂದರು. ಮುಂದಿನ ಶುಕ್ರವಾರವೂ ಹೋದರು. ಅದರ ಮುಂದಿನದೂ. ಆಕೆ ಒಳಗೆ ಕರೆಯಲಿಲ್ಲ, ಹೋಗೆಂದೂ ಹೇಳಲಿಲ್ಲ. ಒಮ್ಮೆ ನಿಂಗಣ್ಣ ಗದ್ದೆಯಿಂದ ಬಂದವನು ಇವರನ್ನು ಕಂಡು, ಕೈಯಲ್ಲಿದ್ದ ಸಗಣಿ ನೀರಿನ ಬಕೆಟ್ಟನ್ನು ಅವರ ಕಾಲ ಹತ್ತಿರ ಸುರಿದ. ಅವರು ಕಾಲನ್ನು ಮೇಲೆತ್ತಿಕೊಂಡರು, ಅಷ್ಟೇ.

ಒಂದು ಶುಕ್ರವಾರ ನಾನೂ ಜೊತೆಗಿದ್ದೆ. ಒಳಗಿನಿಂದ ಕೆಮ್ಮು ಕೇಳಿಸಿತು, ನಿಲ್ಲದ ಕೆಮ್ಮು. ಬಾಗಿಲಿನಿಂದ ಕಾಣುತ್ತಿತ್ತು: ಸಾಕಮ್ಮ ಗಂಡನ ತಲೆಯನ್ನು ಹಿಂದಕ್ಕೆ ವಾಲಿಸಿ ರಾಗಿ ಗಂಜಿ ಹುಯ್ಯುತ್ತಿದ್ದಳು, ಕರುವಿಗೆ ಬಿದಿರಿನ ಗೊಟ್ಟದಲ್ಲಿ ಔಷಧ ಕುಡಿಸುವ ಹಾಗೆ. ಗಂಜಿ ಮೂಗಿನಿಂದ ಬರುತ್ತಿತ್ತು. ಅವನ ಮುಖ ಕಪ್ಪಿಟ್ಟಿತ್ತು.

ಉಸ್ತಾದರು ಜಗಲಿಯಿಂದ ಎದ್ದು ನಿಂತು, ಹೊಸ್ತಿಲು ದಾಟದೆ ಕೂಗಿದರು: "ತಲೆ ಎತ್ತಬ್ಯಾಡಮ್ಮ! ಗದ್ದ ಎದೆಗೆ ತಾಗಿಸು. ಬಗ್ಗಿಸ್ಕಂಡು ನುಂಗು ಚೆಲುವಯ್ಯ. ಗಂಜಿ ತೆಳ್ಳಗಾಯ್ತು, ಗಟ್ಟಿ ಮಾಡಮ್ಮ. ಒಂದೊಂದೇ ಚಮಚ."

ಸಾಕಮ್ಮ ಒಂದು ಗಳಿಗೆ ಹಾಗೆಯೇ ಕೂತಿದ್ದಳು. ಆಮೇಲೆ ಗಂಡನ ಗದ್ದವನ್ನು ಕೆಳಗೆ ಒತ್ತಿದಳು. ಅವನು ನುಂಗಿದ. ಕೆಮ್ಮಲಿಲ್ಲ. ಇನ್ನೊಂದು ಚಮಚ. ಅದೂ ಇಳಿಯಿತು. ಬಟ್ಟಲು ಖಾಲಿಯಾಯಿತು. ಚೆಲುವಯ್ಯನ ಗಂಟಲಿನಿಂದ, ಹರಿದ ತಿದಿಯಿಂದ ಬರುವಂಥ ದನಿ ಬಂತು: "ಒಳೀಕ್ ಕರಿ ಅವ್ರನ್ನ."

ಹೀಗೆ ಅವರು ಒಳಗೆ ಹೋದರು. ಮುಂದೆ ನಾಲ್ಕೈದು ವರ್ಷ, ಜ್ವರ ಬಂದು ಮಲಗಿದ ವಾರಗಳನ್ನು ಬಿಟ್ಟರೆ, ಶುಕ್ರವಾರ ತಪ್ಪಿಸಲಿಲ್ಲ. ನೆಲದ ಮೇಲೆ ಬೂದಿಯಿಂದ ಗೆರೆ ಎಳೆದು ಅದರ ಮೇಲೆ ಚೆಲುವಯ್ಯನನ್ನು ನಡೆಸುತ್ತಿದ್ದರು. ಕುದುರೆಯ ಪಟ್ಟಿಯನ್ನು ಅವನ ಸೊಂಟಕ್ಕೆ ಕಟ್ಟಿ ಹಿಂದಿನಿಂದ ಹಿಡಿದುಕೊಳ್ಳುತ್ತಿದ್ದರು. ಹುಣಿಸೆ ಬೀಜವನ್ನು ಒಂದೊಂದಾಗಿ ಮಡಕೆಗೆ ಹಾಕಿಸುತ್ತಿದ್ದರು. ಒಂದು ವರ್ಷದ ಮೇಲೆ ಅವನು ಕೋಲೂರಿಕೊಂಡು ನಾಲೆಯ ಏರಿಯವರೆಗೂ ಹೋಗಿ ಬರುವಂತಾದ. ಅದಕ್ಕಿಂತ ಮುಂದೆ ಹೋಗಲಿಲ್ಲ. ನೇಗಿಲು ಹಿಡಿಯಲಿಲ್ಲ, ಗಾಡಿ ಹತ್ತಲಿಲ್ಲ. ಮೊದಲಿನ ದನಿ ಮರಳಲಿಲ್ಲ.

ಅವರಿಬ್ಬರೂ ಕೊನೆಗೆ ಸ್ನೇಹಿತರಾದರು ಎಂದು ಬರೆಯಬೇಕೆಂಬ ಆಸೆ ನನಗೂ ಇದೆ. ಹಾಗಾಗಲಿಲ್ಲ. ಒಂದು ದಿನ ಬೂದಿಯ ಗೆರೆಯ ಮೇಲೆ ನಿಂತು ಚೆಲುವಯ್ಯ ಹೇಳಿದ: "ನಿನ್ ಕೈ ಕಂಡ್ರೆ ಈಗ್ಲೂ ನಡುಕ ಬತ್ತದೆ ಸಾಬ್ರೆ. ಆದ್ರೆ ಸುಕ್ರವಾರ ನೀನು ಬರ್ದೆ ಓದ್ರೆ ಉಣ್ಣಾಕ್ ಆಗಾಕಿಲ್ಲ." ಉಸ್ತಾದರು "ನಡಿ, ಎಡಗಾಲು ಮುಂದಿಡು" ಎಂದರು.

ಮದ್ದೂರಿನಲ್ಲಿ ಬೆಂಚನ್ನು ರಿಪೇರಿ ಮಾಡಿಸಿಕೊಂಡರು. ಬಂದವರಿಗೆ ಶಾಖ, ಒತ್ತುವುದು, ಗದ್ದದ ವ್ಯಾಯಾಮ, ಅಂಗೈಗೆ ಹಣೆಯನ್ನು ಒತ್ತಿ ಹಿಡಿಯುವುದು, ಇಷ್ಟೇ. ನೆಟಿಗೆ ಕೇಳಿದವರಿಗೆ "ಇಲ್ಲಪ್ಪ, ಬಿಟ್ಟುಬುಟ್ಟೆ" ಎನ್ನುತ್ತಿದ್ದರು. ಜನ ಕಡಿಮೆಯಾದರು. ಸದ್ದಿಲ್ಲದ ಮೇಲೆ ಕತ್ತು ಹಿಡಿಸಿಕೊಂಡು ಏನು ಸುಖ ಎಂದು ಹಮಾಲಿಗಳೇ ಬಿಟ್ಟರು. ಉಳಿದ ಕೆಲವರಿಗೆ ಜೀನಿನ ಚರ್ಮದಲ್ಲಿ, ಒಳಗೆ ಕಂಬಳಿ ಕೊಟ್ಟು ಒಂದು ಕತ್ತುಪಟ್ಟಿ ಹೊಲಿದುಕೊಟ್ಟರು. ಕೆಲಸ ಮುಗಿದ ಮೇಲೆ ಅದನ್ನು ಕಟ್ಟಿಕೊಂಡು ಕೂತರೆ ತಲೆಯ ಭಾರ ಪಟ್ಟಿಯ ಮೇಲೆ ಬೀಳುತ್ತಿತ್ತು. ಊರವರು ಅದನ್ನು ಉಸ್ತಾದರ ನೊಗ ಎಂದು ಕರೆದು ನಗುತ್ತಿದ್ದರು.

ಮಳವಳ್ಳಿಯಿಂದ ಒಬ್ಬ ರೇಷ್ಮೆ ವ್ಯಾಪಾರಿ ತಲೆನೋವು ಎಂದು ಬಂದ. ಹಳೆಯ ಹೆಸರು ಕೇಳಿ ಬಂದವನು. ತಿರುವಲೇಬೇಕೆಂದು ಹಟ ಮಾಡಿದ. ಇವರು ಒಪ್ಪಲಿಲ್ಲ. "ನಿನ್ನಂಗೆ ಎದ್ರುಕೊಳ್ಳೋನ್ ಅತ್ರ ನಂಗೇನು ಕೆಲ್ಸ" ಎಂದು ಎದ್ದು ಹೋಗಿ, ಸಂತೆಬೀದಿಯಲ್ಲಿ ಕ್ಷೌರದವನ ಕೈಯಲ್ಲಿ ತಿರುವಿಸಿಕೊಂಡ. ಉಸ್ತಾದರಿಗೆ ಅದು ತಿಳಿಯಿತು. ಆಮೇಲೆ ಮಳವಳ್ಳಿಯ ಕಡೆಯಿಂದ ಯಾವ ಗಾಡಿ ಬಂದರೂ ಅವರು ರಸ್ತೆಗೆ ಬಂದು, ಆ ವ್ಯಾಪಾರಿ ಎಂಗವ್ರೆ, ಓಡಾಡ್ತಾವ್ರಾ, ಮಾತು ಸರಿಯಾಗಿ ಅದಾ ಎಂದು ಕೇಳುತ್ತಿದ್ದರು. ಬಹಳ ದಿನದ ಮೇಲೆ ವ್ಯಾಪಾರಿಯೇ ಬಂದ. ನೋಡಯ್ಯ, ಬದುಕೇ ಇದೀನಿ ಎಂದು ಅಣಕಿಸಿದ. ಉಸ್ತಾದರು ಅವನ ಎರಡೂ ಕೈ ಹಿಡಿದುಕೊಂಡು, "ಅಲ್ಲಾ ದೊಡ್ಡೋನು, ಅಲ್ಲಾ ದೊಡ್ಡೋನು" ಎಂದರು. ಆ ವ್ಯಾಪಾರಿಗೆ ಏನೂ ಅರ್ಥವಾಗಲಿಲ್ಲ.

ಚೆಲುವಯ್ಯ ಒಂದು ಮಳೆಗಾಲದಲ್ಲಿ ತೀರಿಕೊಂಡ. ಎಷ್ಟು ಎಚ್ಚರ ವಹಿಸಿದರೂ ಗಂಜಿಯೋ ನೀರೋ ಎದೆಗೆ ಇಳಿಯುತ್ತಿತ್ತು. ಎದೆ ಕಟ್ಟಿ ಜ್ವರ ಬಂತು, ಡಾಕ್ಟರು ಬಂದು ನೋಡುವಷ್ಟರಲ್ಲಿ ಮುಗಿಯಿತು. ನಾನು ಆಗಲೇ ಮಂಡ್ಯಕ್ಕೆ ವರ್ಗವಾಗಿದ್ದೆ. ಸುದ್ದಿ ಕೇಳಿ ಬಂದೆ. ಮಣ್ಣು ಮಾಡುವಾಗ ಉಸ್ತಾದರು ದೂರದಲ್ಲಿ, ಗದ್ದೆಯ ಬದುವಿನ ಮೇಲೆ ಮಳೆಯಲ್ಲಿ ನಿಂತಿದ್ದರು. ನಿಂಗಣ್ಣ ಗುದ್ದಲಿ ಹೆಗಲಿಗಿಟ್ಟುಕೊಂಡು ಅವರ ಪಕ್ಕದಲ್ಲೇ ಹಾದುಹೋಗುತ್ತ, "ಮುಗಿಸ್ದಲ್ಲಾ, ಈಗ ಸಮಾಧಾನ ಆಯ್ತಾ?" ಎಂದ. ಹಿಂತಿರುಗುವಾಗ ನಾನು ಕೊಡೆಯನ್ನು ಅವರ ತಲೆಯ ಮೇಲೆ ಹಿಡಿದೆ. ಅವರು ಪಕ್ಕಕ್ಕೆ ಸರಿದು ನೆನೆಯುತ್ತಲೇ ನಡೆದರು.

ಆಮೇಲೆ ಅವರು ಕುಗ್ಗಿದರು. ಆ ಕಂಬದಂಥ ಕತ್ತು ಸಣ್ಣಗಾಗಿ ಅಂಗಿಯ ಕಾಲರು ದೊಡ್ಡದಾಗಿ ಕಾಣುತ್ತಿತ್ತು. ಸೂಜಿಗೆ ದಾರ ಪೋಣಿಸಲು ಹೊತ್ತು ಹಿಡಿಯುತ್ತಿತ್ತು. ಕತ್ತು ಹಿಡಿಯುವುದನ್ನು ಪೂರ್ತಿ ನಿಲ್ಲಿಸಿದರು. ಬೆಂಚಿನ ಮೇಲೆ ಚರ್ಮದ ಸುರುಳಿಗಳನ್ನು ಪೇರಿಸಿದರು, ಯಾರೂ ಕೂರದ ಹಾಗೆ.

ಸ್ವಾತಂತ್ರ್ಯ ಬಂದ ವರ್ಷ. ಉತ್ತರದ ಕಡೆಯಿಂದ ಪೇಪರಿನಲ್ಲಿ ಕೆಟ್ಟ ಸುದ್ದಿಗಳು ಬರುತ್ತಿದ್ದವು. ಮದ್ದೂರಿನಲ್ಲಿ ಏನೂ ಆಗಲಿಲ್ಲ, ಆದರೆ ಹೋಟೆಲಿನಲ್ಲಿ ಕೂತವರು ದನಿ ತಗ್ಗಿಸಿ ಮಾತಾಡುವುದನ್ನು ಕಲಿತಿದ್ದರು. ನಾನು ಒಂದು ಸಂತೆಯ ದಿನ ಉಸ್ತಾದರನ್ನು ನೋಡಲು ಹೋಗಿದ್ದೆ. ಅವರು ಒಳಗೆ ಕೂತಿದ್ದರು, ನಾನು ಹೊಸ್ತಿಲ ಮೇಲೆ. ರಸ್ತೆಯ ಆಚೆ ಕಬ್ಬಿನ ಗಾಡಿ ನಿಂತಿತು. ಗಾಡಿ ಹೊಡೆಯುತ್ತಿದ್ದವನು ನಿಂಗಣ್ಣ. ಇಳಿದವಳು ಸಾಕಮ್ಮ.

ಬಳೆಯಿಲ್ಲ, ಕುಂಕುಮವಿಲ್ಲ. ಒಂದು ಕಡೆಗೆ ಕತ್ತು ವಾಲಿಸಿಕೊಂಡು ನಡೆದು ಬರುತ್ತಿದ್ದಳು. ಗಂಡ ಬಿದ್ದಾಗಿನಿಂದ ಕಬ್ಬಿನ ಕಂತೆ ಹೊತ್ತವಳು ಅವಳೇ. ಬಂದವಳು ಬೆಂಚಿನ ಮೇಲಿನ ಚರ್ಮದ ಸುರುಳಿಗಳನ್ನು ಒಂದು ಪಕ್ಕಕ್ಕೆ ತಳ್ಳಿ, ರಸ್ತೆಗೆ ಮುಖ ಮಾಡಿ ಕೂತಳು.

"ತಲೆನೋವು" ಎಂದಳು. "ಕತ್ತಿಂದ ಎದ್ದು ಕಣ್ಗೆ ಬತ್ತದೆ. ಕತ್ತು ಒಂದ್ಕಡೆಗೂ ತಿರುಗ್ಸಾಕಾಗಾಕಿಲ್ಲ."

ಉಸ್ತಾದರು ಎದ್ದು ಬಂದರು. ಕೈ ಕಂಕುಳಲ್ಲೇ ಇತ್ತು. "ಬಿದ್ದಿದ್ಯಾಮ್ಮ?"

"ಇಲ್ಲ. ಕಬ್ಬಿನ್ ಒರೆ ಒತ್ತು ಒತ್ತು ಬಂದದ್ದು."

"ತಲೆ ತಿರುಗ್ತದಾ? ನುಂಗಾಕೆ ಕಷ್ಟ? ಕಣ್ಮುಂದೆ ಒಂದು ಎಲ್ಡಾಗಿ ಕಾಣ್ತದಾ? ಕೈಕಾಲು ಜೋಮು?"

"ಅದ್ಯಾವ್ದೂ ಇಲ್ಲ ಸಾಬ್ರೆ. ಅಂಗಿದ್ರೆ ಡಾಕ್ಟ್ರತ್ರ ಓಗ್ತಿದ್ದೆ. ನಾನ್ ನೋಡಿಲ್ವಾ?"

ಅವರು ದೂರದಲ್ಲಿ ನಿಂತೇ, ಗದ್ದ ಹೇಗೆ ಒಳಕ್ಕೆ ತೆಗೆದುಕೊಳ್ಳಬೇಕು, ಶಾಖ ಹೇಗೆ ಕೊಟ್ಟುಕೊಳ್ಳಬೇಕು, ಹೊರೆಯನ್ನು ಹೇಗೆ ಚಿಕ್ಕದು ಮಾಡಿ ಹೊರಬೇಕು ಎಂದು ಹೇಳತೊಡಗಿದರು. ಅವಳು ಪೂರ್ತಿ ಕೇಳಿಸಿಕೊಂಡಳು.

"ಆಯ್ತು, ಮಾಡ್ತೀನಿ. ಈಗ ಕೈ ಮಡಗಿ."

"ನನ್ ಕೈಯಾ ಅಮ್ಮ?"

"ಇನ್ಯಾರ್ದು?"

ಹೋಟೆಲಿನಿಂದ ಜನ ಎದ್ದು ಬಂದು ನೋಡುತ್ತಿದ್ದರು. ಸಾಕಮ್ಮ ತಲೆಯ ಮೇಲಿನ ಸೆರಗನ್ನು ತೆಗೆದು ಭುಜಕ್ಕೆ ಹಾಕಿಕೊಂಡು ಕತ್ತನ್ನು ಬರಿದು ಮಾಡಿದಳು. ರಸ್ತೆಯ ಆಚೆಯಿಂದ ನಿಂಗಣ್ಣ ಕೂಗಿದ: "ಅತ್ತಿಗೆ! ಸಾಕು, ಎದ್ದು ಬಾ!"

ಅವಳು ಅತ್ತ ತಿರುಗಲಿಲ್ಲ, ತಿರುಗುವುದಕ್ಕೂ ಆಗುತ್ತಿರಲಿಲ್ಲ. ನೇರ ನೋಡುತ್ತಲೇ ಹೇಳಿದಳು: "ಎತ್ಗೆ ನೀರ್ ಕುಡುಸ್ಕಂಡ್ ಬಾ ಓಗ್ಲಾ ನಿಂಗಣ್ಣ. ನಂಗ್ ಒಂಚೂರು ಒತ್ತಾಯ್ತದೆ."

ಉಸ್ತಾದರು ಕಂಕುಳಿಂದ ಕೈ ತೆಗೆದರು. ಎಣ್ಣೆ ಹಚ್ಚಿಕೊಂಡು ಬಹಳ ಹೊತ್ತು ಅಂಗೈಗಳನ್ನು ಉಜ್ಜಿದರು. ಆಮೇಲೆ ಅವಳ ಬುರುಡೆಯ ಬುಡಕ್ಕೆ ಎರಡು ಹೆಬ್ಬೆರಳುಗಳನ್ನು ಇಟ್ಟರು, ಒತ್ತಲಿಲ್ಲ, ಸುಮ್ಮನೆ ಇಟ್ಟುಕೊಂಡು ನಿಂತರು. ಅವರ ಗಡ್ಡದಿಂದ ಕಣ್ಣೀರು ತೊಟ್ಟಿಕ್ಕುತ್ತಿತ್ತು. ಸ್ವಲ್ಪ ಸ್ವಲ್ಪವಾಗಿ ಬೆರಳುಗಳಿಗೆ ಹಳೆಯ ಕೆಲಸ ನೆನಪಾಯಿತು. ಸಾಕಮ್ಮನ ಭುಜಗಳು ಇಳಿದವು. ಅವಳು ಉಸಿರು ಬಿಟ್ಟದ್ದು ಹೊಸ್ತಿಲಲ್ಲಿದ್ದ ನನಗೂ ಕೇಳಿಸಿತು.

ಮುಗಿದ ಮೇಲೆ ಸೆರಗು ಹೊದ್ದುಕೊಂಡು ಎದ್ದಳು.

"ಒಂದೇ ಸಲಕ್ಕೆ ಓಗಲ್ಲಮ್ಮ ಇದು. ವಾರ ವಾರ ಹಿಡೀಬೇಕು" ಎಂದರು ಉಸ್ತಾದರು. "ಶುಕ್ರವಾರ ನಾನೇ ಬತ್ತೀನಿ ನಿಮ್ಮೂರಿಗೆ."

"ಬ್ಯಾಡಿ" ಎಂದಳು ಸಾಕಮ್ಮ. "ನೀವು ಸ್ಯಾನೆ ನಡೆದಿದ್ದೀರಿ.‌ ಇನ್ಮ್ಯಾಕೆ ನಾನ್ ನಡೀತೀನಿ."